ಏಳನೇ ನಂಬರಿನ ಬಾಗಿಲು

ಫೋನಿಗೆ ಬಂದದ್ದನ್ನೆಲ್ಲ ಮುಂದಕ್ಕೆ ಕಳಿಸುವ ಚಾಳಿ ನಿಮ್ಮ ಮನೆಯಲ್ಲಿ ಯಾರಿಗಾದರೂ ಇದೆಯೇ? ನಮ್ಮ ಮನೆಯಲ್ಲಿ ನನಗಿತ್ತು. ಆನೆ ಬಂತು, ಹುಲಿ ಬಂತು, ನಾಳೆ ಬಸ್ಸಿಲ್ಲ, ಏನೇ ಇರಲಿ, ಓದಿ ಮುಗಿಸುವ ಮೊದಲೇ ನನ್ನ ಬೆರಳು ಒತ್ತಿಬಿಡುತ್ತಿತ್ತು. ಆ ಬೆರಳು ಮಾಡಿದ ಕೆಲಸವನ್ನು ನಮ್ಮ ಅಯಲ್ಕೂಟದಲ್ಲಿ, ಅಂದರೆ ಸ್ವಸಹಾಯ ಸಂಘದಲ್ಲಿ, ಒಮ್ಮೆ ಹೇಳಿದ್ದೆ. ಬರೆದು ಕೊಡು, ಬೇರೆ ಸಂಘದವರೂ ಓದಲಿ ಎಂದರು. ನನ್ನ ಹೆಸರು ರಜಿಷ. ಗಡಿಯಾಚೆ ಮಲಯಾಳ ಸೀಮೆಯ ನೂಲ್ಪುಳದಲ್ಲಿ, ಕಾಡಂಚಿನ ಆದಿವಾಸಿ ಹಾಡಿಯ ಎದುರಿಗೆ ನಮ್ಮದೊಂದು ಚಿಕ್ಕ ಅಂಗಡಿಯಿದೆ.

ಹಾಡಿಯ ಮಾದನ್ ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯುವ ದಿನಗೂಲಿ ಕೆಲಸಕ್ಕೆ ಹೋಗುತ್ತಾನೆ. ಅವನ ಮಗಳು ಧನ್ಯ, ಇಪ್ಪತ್ತೊಂದು ವರ್ಷದವಳು, ಪುಲ್ಪಳ್ಳಿಯಲ್ಲಿ ಅಂಗಡಿ ಬೋರ್ಡ್ ಬರೆಯುವವರ ಹತ್ತಿರ ಕೆಲಸಕ್ಕಿದ್ದಾಳೆ. ಅವಳು ಅಕ್ಷರ ಬರೆದರೆ ಅಚ್ಚು ಹಾಕಿದ ಹಾಗಿರುತ್ತದೆ. ನಮ್ಮೂರಿನ ಗ್ರಂಥಾಲಯದ ಹೊರಗೋಡೆಗೆ ಒಂದು ಚಿತ್ರ ಬಿಡಿಸು ಎಂದು ಅಲ್ಲಿಯವರು ಕೇಳಿದರು. ಅವಳು ಮೂರು ದಿನ ನಿಂತು ನಮ್ಮ ಹಾಡಿಯನ್ನೇ ಬಿಡಿಸಿದಳು.

ಆದರೆ ಆ ಹಾಡಿಯಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಜಗಲಿಯಲ್ಲಿ ಜಿಂಕೆ ಮಲಗಿತ್ತು. ಬಾವಿಕಟ್ಟೆಯ ಹತ್ತಿರ ಆನೆ ನಿಂತಿತ್ತು. ಪ್ರತಿ ಬಾಗಿಲಿನ ಮೇಲೂ ಬಿಳಿ ಬಣ್ಣದಲ್ಲಿ ಒಂದೊಂದು ನಂಬರು. ದಾರಿಯ ತುದಿಯಲ್ಲಿ ಸರ್ಕಾರಿ ಬೋರ್ಡಿನಂಥದೇ ಒಂದು ಬೋರ್ಡು: ‘ಈ ಹಾಡಿಯನ್ನು ಖಾಲಿ ಮಾಡಿಸಲಾಗಿದೆ.’ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಇದು ಕಲ್ಪನೆ’ ಎಂದೂ ಇತ್ತು. ನೋಡಿ ನನ್ನ ಮೈ ಜುಮ್ಮೆಂದಿತು. ಫೋಟೊ ತೆಗೆದೆ. ಕೆಳಗೆ ಹಳೇ ಬೆಂಚೊಂದು ಅಡ್ಡ ಬಂದಿತ್ತು. ಚಂದ ಕಾಣುವುದಿಲ್ಲವೆಂದು ಅಷ್ಟು ಭಾಗ ಕತ್ತರಿಸಿ ನಾಲ್ಕು ಗುಂಪುಗಳಿಗೆ ಕಳಿಸಿದೆ. ಬೆಂಚಿನ ಜೊತೆ ‘ಇದು ಕಲ್ಪನೆ’ಯೂ ಹೋಯಿತು.

ಮರುದಿನ ಬೆಳಿಗ್ಗೆ ಅದೇ ಫೋಟೊ ನನಗೇ ತಿರುಗಿ ಬಂತು. ಮೇಲೆ ಯಾರೋ ಸೇರಿಸಿದ್ದರು: ‘ಸರ್ಕಾರದ ಗುಟ್ಟಿನ ಯೋಜನೆ. ತಿಂಗಳ ಕೊನೆಗೆ ಎಲ್ಲರೂ ಹೊರಗೆ.’

ಗಾಬರಿಯಾಗಿ ಹಾಡಿಗೆ ಓಡಿದೆ. ಅಲ್ಲಿಯ ಮಾತಿ ಅಜ್ಜಿ ತನ್ನ ಮನೆಯ ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತು ಗೆಡ್ಡೆ ಗೆಣಸು ಅಗೆಯುತ್ತಿದ್ದಳು. ಇನ್ನೂ ಮೂರು ತಿಂಗಳು ಬಲಿಯಬೇಕಿದ್ದ ಗೆಣಸು. ಒಂದೊಂದೂ ಮುಷ್ಟಿಗಿಂತ ದೊಡ್ಡದಿರಲಿಲ್ಲ.

“ಅಯ್ಯೋ ಅಜ್ಜಿ, ಈಗ್ಲೇ ಯಾಕೆ ಕೀಳ್ತಿದೀಯ?”

“ಬಾಗ್ಲಿಗೆ ನಂಬರ್ ಬಿತ್ತಲ್ಲ ಮಗಳೇ. ನಂದು ಏಳು. ಫೋನಲ್ಲಿ ತೋರ್ಸಿದ್ರು. ನನ್ ತಂಗಿ ಹಾಡೀಲೂ ಮೊದ್ಲು ನಂಬರ್ ಬರುದ್ರು, ಆಮೇಲೆ ಎಲ್ಲಾರೂ ಹೊರಟ್ರು. ಗಡಿಬಿಡೀಲಿ ಅವ್ಳ ಗೆಣಸೆಲ್ಲ ಮಣ್ಣಲ್ಲೇ ಉಳೀತು.”

“ಅದು ಚಿತ್ರ ಅಜ್ಜಿ. ಧನ್ಯ ಬಿಡಿಸಿದ್ದು.”

“ಚಿತ್ರಕ್ಕೆ ನನ್ ಬಾಗ್ಲು ಯಾಕೆ ಬೇಕು?” ಎಂದು ಮತ್ತೆ ಅಗೆಯತೊಡಗಿದಳು. ನಾನೇ ಕಳಿಸಿದ್ದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ಹತ್ತು ಗಂಟೆಗೆ ಜೀಪು ಬಂತು. ಒಂದು ಕಚೇರಿಯಿಂದ ವಿಜಯನ್ ಎಂಬ ಅಧಿಕಾರಿ ಬಂದಿದ್ದರು. ಯಾವ ಕಚೇರಿ ಎಂದು ಇಲ್ಲಿ ಬೇಡ. ಮಲಯಾಳದಲ್ಲಿ ಮಾತಾಡಿದರು, ನಾನು ಕನ್ನಡದಲ್ಲಿ ಹೇಳುತ್ತೇನೆ.

“ಬೆಳಗ್ಗೆಯಿಂದ ನಲವತ್ತು ಫೋನ್ ಬಂದಿದೆ. ಜನ ಹೆದರಿದಾರೆ. ಇದು ಸುಳ್ಳು ಅಂತ ಎಲ್ಲರಿಗೂ ತಿಳಿಸಬೇಕು,” ಎಂದರು. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನೂ ಕೈ ಮುಗಿಯುತ್ತಿದ್ದೆ. ನಿಲ್ಲಿಸಲಿಲ್ಲ. ಸಂಜೆಯೊಳಗೆ ಚಿತ್ರಕ್ಕೆ ಸುಣ್ಣ ಹೊಡೆಯಬೇಕು ಎಂದರು. ಟೈಪ್ ಮಾಡಿದ ಕಾಗದವೊಂದನ್ನು ಧನ್ಯಳ ಕೈಗೆ ಕೊಟ್ಟರು. ಕಾಡು, ಜಮೀನು, ಸರ್ಕಾರದ ವಿಷಯದಲ್ಲಿ ಇನ್ನು ಮುಂದೆ ಯಾವ ಚಿತ್ರವನ್ನೂ ಬಿಡಿಸುವುದಿಲ್ಲ ಎಂದು ಅದರಲ್ಲಿತ್ತು. ಸೋಮವಾರ ಸಹಿ ಮಾಡಿ ತರಬೇಕಂತೆ. ಜೀಪು ಹತ್ತುವಾಗ ಮಾದನ್ ಕಡೆ ತಿರುಗಿ, “ಬೆಂಕಿ ಕಾವಲಿಗೆ ಪ್ರತಿ ವರ್ಷ ಹೊಸದಾಗಿ ಹೆಸರು ಹಾಕುವುದಲ್ವಾ?” ಎಂದು ನಗುತ್ತಲೇ ಕೇಳಿದರು.

ಮಾದನ್ ನಗಲಿಲ್ಲ. ನೇರವಾಗಿ ನನ್ನ ಅಂಗಡಿಗೆ ಬಂದು ಒಂದು ಪೊಟ್ಟಣ ಸುಣ್ಣ, ಒಂದು ಬ್ರಷ್ಷು ತಗೊಂಡ. ನಾನು ಕೊಟ್ಟೆ. ಕೊಟ್ಟ ಕೂಡಲೇ ಲತಿಕಳಿಗೆ ಫೋನ್ ಮಾಡಿದೆ. ಆ ವಾರ ನನ್ನ ಬೆರಳು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಲತಿಕ ತಾಲೂಕಿನ ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ. ಸರ್ಟಿಫಿಕೇಟು, ರೇಷನ್ ಕಾರ್ಡು, ಏನೇ ತೊಡಕಾದರೂ ನಾವು ಅವಳನ್ನೇ ಕರೆಯುವುದು.

ಅವಳೂ ನಾನೂ ಗ್ರಂಥಾಲಯಕ್ಕೆ ಬರುವಾಗ ಮಾದನ್ ಬಕೆಟ್ಟಿನಲ್ಲಿ ಸುಣ್ಣ ಕಲಸಿಯಾಗಿತ್ತು. ಧನ್ಯ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು.

“ಸರ್ಕಾರದವ್ರು ಹೇಳಿದ್ಮೇಲೆ ಮುಗೀತು. ಆ ಕಡೆ ಸರ್ಕೊ,” ಎಂದ ಮಾದನ್.

“ಹೇಳೋದು ಬೇರೆ, ಆದೇಶ ಬೇರೆ ಮಾದಣ್ಣ,” ಎಂದಳು ಲತಿಕ. ಕಾಗದವನ್ನು ಎರಡು ಸಲ ಓದಿದಳು. “ಜನ್ರಿಗೆ ತಿಳಿಸ್ಬೇಕು ಅಂದ್ರಲ್ಲ, ಅದು ಸರಿ. ಇವತ್ತೇ ಮಾಡೋಣ. ಆದ್ರೆ ಅಳಿಸು, ಸಹಿ ಹಾಕು ಅನ್ನೋದು ಯಾವ ಕಾನೂನಲ್ಲಿ? ಇದ್ರಲ್ಲಿ ನಂಬರಿಲ್ಲ, ಸೀಲಿಲ್ಲ, ಅವ್ರ ಸಹಿಯೂ ಇಲ್ಲ.”

“ಜನ ಹೆದ್ರುದ್ರಲ್ಲ. ತಪ್ಪಲ್ವಾ?”

“ಸಂವಿಧಾನದ ಹತ್ತೊಂಬತ್ತನೇ ವಿಧಿ ಅಂತ ಇದೆ. ಮಾತಾಡಕ್ಕೆ, ಬರೆಯಕ್ಕೆ, ಚಿತ್ರ ಬಿಡಿಸಕ್ಕೆ ನಮಗೆಲ್ಲ ಹಕ್ಕಿದೆ. ಅದಕ್ಕೊಂದು ಮಿತಿನೂ ಅಲ್ಲೇ ಇದೆ. ಸುಳ್ಳನ್ನ ನಿಜ ಅಂತ ನಂಬ್ಸಿ ಬೇಕಂತ್ಲೇ ಗಲಾಟೆ ಎಬ್ಬಿಸಿದ್ರೆ ಕಾನೂನು ಹಿಡಿಯುತ್ತೆ. ಧನ್ಯ ಹಂಗೆ ಮಾಡ್ಲಿಲ್ಲ, ಕಲ್ಪನೆ ಅಂತ ಬರೆದಿದ್ಲು. ಮಿತಿ ಹಾಕ್ಬೇಕಾದ್ದು ಕಾನೂನು ಮಾದಣ್ಣ, ಒಬ್ರ ಮನಸ್ಸಿಗೆ ತೋಚಿದ ಹಾಗಲ್ಲ.”

“ನನ್ ಕೆಲ್ಸ ಹೋದ್ರೆ? ನಿನ್ ಕಾನೂನು ಗಂಜಿ ಹಾಕತ್ತಾ?”

“ಹೋಗೋದೇ ಇಲ್ಲ ಅಂತ ನಾನು ಮಾತು ಕೊಡಲ್ಲ,” ಎಂದಳು ಲತಿಕ. “ಹೋದ್ರೆ ಸಮಿತಿಯಿಂದ ವಕೀಲರು ಸಿಗ್ತಾರೆ, ಫೀಸ್ ಬೇಡ. ಜೀಪಿನ ಹತ್ರ ಅವರು ಏನ್ ಹೇಳಿದ್ರು, ಯಾರು ಕೇಳಿಸ್ಕೊಂಡ್ರು, ಈಗ್ಲೇ ಬರೆದಿಡೋಣ.”

“ನಾನು ಕೇಳಿಸ್ಕೊಂಡಿದೀನಿ. ನನ್ ಹೆಸರು ಬರಿ,” ಎಂದೆ. “ಕೆಳಗಿನ ಸಾಲು ಕತ್ತರಿಸಿ ಕಳಿಸಿದ್ದು ನಾನೇ ಅಂತಾನೂ ಬರಿ.”

ಮಾದನ್ ಆಗಲೂ ಬ್ರಷ್ಷು ಕೆಳಗಿಡಲಿಲ್ಲ. ಧನ್ಯ ಹಾಡಿಗೆ ಹೋಗಿ ಮಾತಿ ಅಜ್ಜಿಯನ್ನು ಕೈ ಹಿಡಿದು ಕರೆತಂದಳು. ಅಜ್ಜಿಯ ಉಗುರಲ್ಲೆಲ್ಲ ಮಣ್ಣು. ಅವಳು ಚಿತ್ರದ ಹತ್ತಿರ ಹೋಗಿ ತನ್ನ ಬಾಗಿಲನ್ನು ಮುಟ್ಟಿ ನೋಡಿದಳು.

“ಯಾಕೆ ನನ್ ಬಾಗ್ಲಿಗೆ ನಂಬರ್ ಬರುದೆ?”

“ನಂಗೆ ಹೆದ್ರಿಕೆ ಅಜ್ಜಿ. ಒಂದಿನ ಹಿಂಗೇ ಆಗ್ಬುಟ್ರೆ ಅಂತ. ಯಾರ್ ಹತ್ರ ಹೇಳ್ಬೇಕು ಗೊತ್ತಾಗ್ನಿಲ್ಲ, ಬಿಡಿಸ್ದೆ. ಸಣ್ಣಕ್ಷರ ಹಾಕಿದ್ದು ನನ್ ತಪ್ಪು. ನಿನ್ ಗೆಣಸು ಹಾಳಾಯ್ತು.” ಧನ್ಯ ಅತ್ತುಬಿಟ್ಟಳು.

“ನಂಗೂ ಅದೇ ಹೆದ್ರಿಕೆ ಮಗಾ. ತಂಗಿ ಹೋದಾಗ್ನಿಂದ. ನಾನೂ ಯಾರ್ ಹತ್ರಾನೂ ಹೇಳ್ನಿಲ್ಲ,” ಎಂದಳು ಅಜ್ಜಿ. ಆಮೇಲೆ ಮಾದನ್ ಕಡೆ ತಿರುಗಿದಳು. “ಇದ್ರ ಮೇಲೆ ಸುಣ್ಣ ಹೊಡೀಬ್ಯಾಡ. ಹೆದ್ರಿದ್ದು ನಾನು. ನಾನೇ ಹೇಳ್ತಿವ್ನಿ.”

ಮಾದನ್ ಬೆಂಚನ್ನು ಎಳೆದು ಪಕ್ಕಕ್ಕಿಟ್ಟು, ಚಿತ್ರದ ಕೆಳಗಿನ ಬರಿಯ ಗೋಡೆಯ ಮುಂದೆ ಕೂತು, ಅದೇ ಬ್ರಷ್ಷನ್ನು ಅದೇ ಸುಣ್ಣದಲ್ಲಿ ಅದ್ದಿದ. ಅಂಗೈಯಗಲದ ಅಕ್ಷರದಲ್ಲಿ ಬರೆದ: ‘ಇದು ಕಲ್ಪನೆ. ಯಾರನ್ನೂ ಹೊರಗೆ ಹಾಕಿಲ್ಲ.’ ಅಕ್ಷರಗಳು ಸೊಟ್ಟವಾಗಿದ್ದವು. ಬೋರ್ಡ್ ಬರೆಯುವ ಮಗಳು ತಿದ್ದಲಿಲ್ಲ. ಪಕ್ಕದಲ್ಲಿ ಅದನ್ನೇ ಮಲಯಾಳದಲ್ಲಿ ಬರೆದಳು.

ನಾನು ಈ ಸಲ ಬುಡದಿಂದ ತುದಿಯವರೆಗೆ ಫೋಟೊ ತೆಗೆದು, ನನ್ನ ತಪ್ಪನ್ನೂ ಬರೆದು, ಅದೇ ನಾಲ್ಕು ಗುಂಪುಗಳಿಗೆ ಕಳಿಸಿದೆ. ಒತ್ತಲು ನನ್ನ ಬೆರಳು ಯಾವತ್ತೂ ಅಷ್ಟು ಹಿಂಜರಿದಿರಲಿಲ್ಲ.

ಸೋಮವಾರ ಧನ್ಯ ಸಹಿಯಿಲ್ಲದ ಕಾಗದವನ್ನು ಹಿಂದಿರುಗಿಸಿ ಒಂದು ಅರ್ಜಿ ಕೊಟ್ಟಳು. ಜನರಿಗೆ ಸರಿಯಾಗಿ ತಿಳಿಸಿದ್ದೇವೆ. ಚಿತ್ರ ಅಳಿಸಬೇಕೆಂಬ ಆದೇಶವಿದ್ದರೆ ಯಾವ ಕಾನೂನಿನಡಿ ಎಂದು ಬರೆದು ತಿಳಿಸಿ. ಇಷ್ಟೇ. ವಿಜಯನ್ ಅದನ್ನು ಓದಿ, “ಈ ದೊಡ್ಡ ಅಕ್ಷರ ಮೊದಲೇ ಹಾಕಬಾರದಿತ್ತಾ?” ಎಂದರು. “ಹಾಕ್ಬೇಕಿತ್ತು ಸಾರ್,” ಎಂದಳು ಅವಳು. ಅವರು ಅರ್ಜಿ ತಲುಪಿದೆ ಎಂದು ಸೀಲು ಹಾಕಿ ಕೊಟ್ಟರು.

ಉತ್ತರ ಬರಲಿಲ್ಲ. ಆದರೆ ಜೀಪಿನ ಸದ್ದು ಕೇಳಿದಾಗಲೆಲ್ಲ ಮಾದನ್ ಎದ್ದು ನಿಲ್ಲುತ್ತಿದ್ದ. ಧೈರ್ಯ ಎಂದರೆ ಹೆದರಿಕೆ ಇಲ್ಲದಿರುವುದು ಎಂದು ನಾನು ತಿಳಿದಿದ್ದೆ. ಹಾಗಲ್ಲ. ಫೆಬ್ರವರಿಯಲ್ಲಿ ಬೆಂಕಿ ಕಾವಲಿನ ಪಟ್ಟಿ ಬಂತು. ಅದರಲ್ಲಿ ಅವನ ಹೆಸರಿತ್ತು.

ಓದುತ್ತಿರುವ ಅಕ್ಕ, ಅಣ್ಣಂದಿರೇ, ಕಥೆ ಕಟ್ಟಿ, ನಾಟಕ ಆಡಿ, ಚಿತ್ರ ಬಿಡಿಸಿ. ಕಲ್ಪನೆಯಾದರೆ ಕಲ್ಪನೆ ಎಂದು ದೂರಕ್ಕೂ ಕಾಣುವಂತೆ ಬರೆಯಿರಿ. ಫೋನಿಗೆ ಬಂದದ್ದನ್ನು ಪೂರ್ತಿ ನೋಡದೆ ಮುಂದಕ್ಕೆ ಕಳಿಸಬೇಡಿ. ಯಾರಾದರೂ ಬಂದು ಅಳಿಸು, ಸಹಿ ಹಾಕು ಎಂದರೆ ಜಗಳ ಬೇಡ, ‘ಯಾವ ಕಾನೂನು, ಬರೆದು ಕೊಡಿ’ ಎಂದು ಮರ್ಯಾದೆಯಿಂದ ಕೇಳಿ. ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ.

ನಮ್ಮ ಕಡೆ ಬಂದರೆ ಆ ಗೋಡೆ ನೋಡಿ ಹೋಗಿ. ಮಾತಿ ಅಜ್ಜಿಯೇ ನಿಂತು ತೋರಿಸುತ್ತಾಳೆ. “ಏಳನೇ ನಂಬರ್ ನಂದು,” ಎನ್ನುತ್ತಾಳೆ. “ನಾನು ಅಲ್ಲೇ ಇವ್ನಿ. ಗೆಣಸು ಮತ್ತೆ ನೆಟ್ಟಿವ್ನಿ.”