ಹೆಸರು ಕೊರೆಸಿದ ರ‍್ಯಾಮ್

ದಿಲೀಪ ಆ ರ‍್ಯಾಮನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ತಿರುಗಿಸಿದ, ಮತ್ತೆ ತಿರುಗಿಸಿದ, ಕೊನೆಗೆ ಕನ್ನಡಕ ಹುಡುಕಿ ಹಾಕಿಕೊಂಡ. ಹಸಿರು ಹಲಗೆಯ ಕಪ್ಪು ಚಿಪ್‌ಗಳ ಉದ್ದಕ್ಕೂ ಚುಕ್ಕಿಚುಕ್ಕಿಯಾಗಿ ಕನ್ನಡ ಅಕ್ಷರಗಳಿದ್ದವು: ದಾನಿ, ದೇಜಪ್ಪ ಮತ್ತು ಕುಟುಂಬ, ಮಾಜಿವಾಡಾ.

"ಅಕ್ಕಾರ, ತುರ್ಭೆದಾಗ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಹತ್ತು ವರ್ಷ ಆತು. ರ‍್ಯಾಮಿನ ಮ್ಯಾಲ ಹೆಸರು ಕೊರಸಿದ್ದು ಇದೇ ಮೊದಲು ನೋಡಾಕತ್ತೀನಿ."

ಜಯಲತಾಳಿಗೆ ನಗು ಬಂತು, ನಗುವ ಹಾಗಿರಲಿಲ್ಲ. ಹೊರನಾಡಾದ ಕಾಮೋಠೆಯ ಅವರ ಕನ್ನಡ ಸಂಘದಲ್ಲಿ ಹೆಸರಿಲ್ಲದ ವಸ್ತುವೇ ಇಲ್ಲ. ಕುರ್ಚಿಯ ಬೆನ್ನಿಗೆ, ಫ್ಯಾನಿನ ರೆಕ್ಕೆಗೆ, ಚಹಾದ ಲೋಟಕ್ಕೆ, ಬಚ್ಚಲಿನ ತಂಬಿಗೆಗೂ ಒಬ್ಬೊಬ್ಬ ದಾನಿ. ಸಂಘದ ಹಳೆಯ ಲ್ಯಾಪ್‌ಟಾಪಿಗೆ ಇನ್ನಷ್ಟು ಮೆಮರಿ, ಅಂದರೆ ರ‍್ಯಾಮ್, ಬೇಕೆಂದು ಅವಳು ಸಭೆಯಲ್ಲಿ ಹೇಳಿದ್ದೇ ತಡ, ಅಧ್ಯಕ್ಷ ದೇಜಪ್ಪ ತಾನು ಕೊಡುತ್ತೇನೆಂದು ಎದ್ದು ನಿಂತಿದ್ದ. ಯಾವ ಮಾಡೆಲ್ ಎಂದು ಕೇಳಲಿಲ್ಲ. ಹೊಟೇಲು ನಡೆಸುವ ಮನುಷ್ಯ. ಯಾವುದೋ ಅಂಗಡಿಗೆ ಹೋಗಿ ಅಲ್ಲಿದ್ದುದರಲ್ಲೇ ದೊಡ್ಡದನ್ನು ಕೊಂಡ. ಬರುವ ದಾರಿಯಲ್ಲಿ ಸ್ಟೀಲ್ ಪಾತ್ರೆಗಳಿಗೆ ಹೆಸರು ಹಾಕುವವನ ಮುಂದೆ ಕಾರು ನಿಲ್ಲಿಸಿ, ಅಕ್ಷರಗಳನ್ನು ಚೀಟಿಯಲ್ಲಿ ಬರೆದುಕೊಟ್ಟು, ಎದುರಿಗೇ ನಿಂತು ಕೊರೆಸಿದ.

ಅವಳು ಸಿದ್ಧಪಡಿಸುತ್ತಿದ್ದ ಸಂಘದ ಹತ್ತನೇ ವರ್ಷದ ವಿಶೇಷ ಸಂಚಿಕೆ ಭಾನುವಾರ ಮುದ್ರಣಕ್ಕೆ ಹೋಗಬೇಕಿತ್ತು. ಇಲ್ಲವಾದರೆ ಆ ಕೆಲಸ ದೇಜಪ್ಪನ ಅಕ್ಕನ ಮಗ ಹಿತೇಶನಿಗೆ. ಅವನು ಜಾಹೀರಾತು ಮತ್ತು ಶುಭಾಶಯ ಬಿಟ್ಟು ಬೇರೇನೂ ಹಾಕುವವನಲ್ಲ. ಆಗ ಜಯಲತಾಳ ಹನ್ನೊಂದು ಪುಟ ಹೋದಂತೆಯೇ. ಬ್ಯಾಂಕಿನ ರಜಾದಿನಗಳನ್ನೆಲ್ಲ ಒಂದು ವರ್ಷ ತುರ್ಭೆಯ ಮಾರ್ಕೆಟ್ಟಿನಲ್ಲಿ ಕಳೆದು, ಮೂಟೆ ಹೊರುವ ಮಾಪಣ್ಣ, ಗೋಣಿ ಹೊಲಿಯುವ ಮಾನಮ್ಮ, ಹೀಗೆ ಹನ್ನೊಂದು ಜನ ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದಳು. ಸಂಘದ ಯಾವ ಲೋಟದ ಮೇಲೂ ಹೆಸರಿಲ್ಲದ ಜನ. ಪಠ್ಯವೇನೋ ಕೂತಿತು. ಫೋಟೋ ಹಾಕಿದೊಡನೆ ಲ್ಯಾಪ್‌ಟಾಪು ಮಾನಮ್ಮನ ಅರ್ಧ ಮುಖ ತೋರಿಸಿ ನಿಂತುಬಿಡುತ್ತಿತ್ತು.

ದಿಲೀಪ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ ಹಳೆಯ ರ‍್ಯಾಮನ್ನು ತೆಗೆದ. ಬೆರಳುದ್ದದ್ದು. ದೇಜಪ್ಪನದು ಅದರ ಎರಡರಷ್ಟು. ಇದು ಮೇಜಿನ ಮೇಲಿಡುವ ಕಂಪ್ಯೂಟರಿನದಂತೆ. ಉದ್ದ ಬೇರೆ, ನಡುವಿನ ಕಚ್ಚು ಬೇರೆ, ತಲೆಮಾರೂ ಬೇರೆ. ಹಳೆಯದರ ಚೀಟಿಯಲ್ಲಿ ಡಿಡಿಆರ್ ಎರಡು ಎಂದಿದೆ, ಇದು ಮೂರು. ಎರಡನೆಯದನ್ನು ಈಗ ಯಾರೂ ಹೆಚ್ಚು ಮಾಡುವುದಿಲ್ಲ, ಹಾಗಾಗಿ ಹಳೆಯದೇ ತುಟ್ಟಿ ಎಂದೂ ಹೇಳಿದ. ಬದಲಾಯಿಸಿಕೊಡಬಹುದೇ ಎಂದು ಅವಳು ಕೇಳಿದಳು.

"ದೇಜಪ್ಪ ಅನ್ನೋ ಇನ್ನೊಬ್ಬ ಗಿರಾಕಿ ಸಿಕ್ಕರ ಫೋನ್ ಮಾಡ್ತೀನ್ರಿ," ಎಂದ ದಿಲೀಪ.

ತಾನೇ ಒಂದು ಕೊಂಡು ಸುಮ್ಮನೆ ಹಾಕಿಸಿಬಿಡಲೇ ಎಂದು ಜಯಲತಾ ಯೋಚಿಸಿದಳು. ಆದರೆ ಶನಿವಾರ ದೇಜಪ್ಪ ತನ್ನ ಹೆಸರು ಒಳಗೆ ಹೇಗೆ ಕೂತಿದೆಯೆಂದು ನೋಡಲು ಬರುವವನಿದ್ದ. ಅವಳು ಲ್ಯಾಪ್‌ಟಾಪನ್ನು ಹಳೆಯ ರ‍್ಯಾಮನ್ನೇ ಹಾಕಿಸಿ ಮುಚ್ಚಿಸಿಕೊಂಡು, ಮಾಜಿವಾಡಾದ ದೇಜಪ್ಪನ ಹೊಟೇಲಿಗೆ ಹೊರಟಳು.

ದೇಜಪ್ಪ ಗಲ್ಲಾದ ಹಿಂದೆ ಕೂತು ಎಲ್ಲವನ್ನೂ ಕೇಳಿದ. ಅವನಿಗೆ ಅರ್ಥವಾಗದ್ದು ಒಂದೇ.

"ಚಿಕ್ಕದಾದ್ರೆ ಸಾಕಾಗ್ಲಿಲ್ಲ ಅಂತ ಹೇಳು. ದೊಡ್ಡದಕ್ಕೆ ಎಂತ ತೊಂದರೆ?"

"ಹತ್ತು ಲೀಟರ್ ಕುಕ್ಕರಿನ ಮುಚ್ಚಳ ಐದು ಲೀಟರಿನದಕ್ಕೆ ಕೂರ್ತದಾ, ಅಣ್ಣಾ?"

ದೇಜಪ್ಪ ಅಡುಗೆಮನೆಯ ಕಡೆ ನೋಡಿದ. ಅಲ್ಲಿ ಸಾಂಬಾರು ಕುದಿಯುತ್ತಿತ್ತು. "ಅದನ್ನು ಮೊದಲೇ ಹೇಳ್ಬೇಕಿತ್ತಲ್ಲ ಮಾರಾಯ್ತಿ," ಎಂದು, ಸರಿಯಾದದ್ದನ್ನೇ ಕೊಡಿಸುತ್ತೇನೆ, ಅಳತೆಯೊಂದು ಬರೆದುಕೊಡು ಎಂದ. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಹೆಸರು ಎಲ್ಲಿ ಕೊರೆಸುವುದು ಎಂದು ಕೇಳಿದ. ಕೊರೆಸಿದರೆ ಅದು ಸಾಯುತ್ತದೆ ಎಂದಳು.

"ಹಾಗಾದ್ರೆ ಹೆಸರಿಲ್ಲದೆ ಕೊಡುದಾ?" ಅಂಗಿಯಿಲ್ಲದೆ ಬೀದಿಗಿಳಿ ಎಂದವರ ಮುಖ ನೋಡುವಂತೆ ನೋಡಿದ.

ಜಯಲತಾ ಲ್ಯಾಪ್‌ಟಾಪನ್ನು ಗಲ್ಲಾದ ಮೇಲಿಟ್ಟು ತೆರೆದಳು. ಅದು ಏಳಲು ಒಂದು ಚಹಾದಷ್ಟು ಹೊತ್ತು ತೆಗೆದುಕೊಂಡಿತು. ಮಾನಮ್ಮನ ಹಣೆ ಬಂತು, ಕುಂಕುಮ ಬಂತು, ಎರಡು ಕಣ್ಣು ಬಂದವು, ಅಲ್ಲಿಗೆ ನಿಂತಿತು. ದೇಜಪ್ಪ ಬಗ್ಗಿ ಕಾದ. ವೇಟರೊಬ್ಬ ಬಿಲ್ಲು ಹಿಡಿದು ನಿಂತರೂ ತಲೆಯೆತ್ತಲಿಲ್ಲ.

"ಉಳಿದದ್ದೆಲ್ಲಿ?"

"ಅದಕ್ಕೇ ಅಣ್ಣಾ, ನಿಮ್ಮ ರ‍್ಯಾಮ್ ಬೇಕಾದ್ದು."

ಶನಿವಾರ ಸಂಘದ ಕೋಣೆಯಲ್ಲಿ ದಿಲೀಪ ಬೆರಳುದ್ದದ ಹೊಸ ರ‍್ಯಾಮನ್ನು ಓರೆಯಾಗಿಟ್ಟು ಒತ್ತಿದ, ಟಕ್ಕೆಂದು ಕೂತಿತು. ತಾನು ಕೊಟ್ಟದ್ದು ಇಷ್ಟೇ ಇಷ್ಟಾ ಎಂದು ದೇಜಪ್ಪ ಎರಡು ಸಲ ಕೇಳಿದ. ಈ ಸಲ ಮಾನಮ್ಮನ ಮುಖ ಒಂದೇ ಗುಕ್ಕಿಗೆ ಬಂತು: ಮೂಗುಬೊಟ್ಟು, ತುಟಿ, ಮುಂದಿನ ಹಲ್ಲಿಲ್ಲದ ನಗು, ಕೆಳಗೆ ದಪ್ಪಕ್ಷರದಲ್ಲಿ ಅವಳ ಹೆಸರು. ದೇಜಪ್ಪ ಆ ಪುಟವನ್ನು ತುಟಿಯಲ್ಲಾಡಿಸುತ್ತ ಓದಿದ. ಮುಂದಿನದು ತೋರಿಸು ಎಂದ. ಹನ್ನೊಂದೂ ಮುಗಿಯುವಷ್ಟರಲ್ಲಿ ಲೋಟದಲ್ಲಿ ಅವನ ಚಹಾ ಆರಿತ್ತು.

ದೊಡ್ಡ ರ‍್ಯಾಮಿನ ತುದಿಗೆ ದಿಲೀಪ ತೂತು ಹಾಕಿಕೊಟ್ಟಿದ್ದ. ಜಯಲತಾ ಅದಕ್ಕೆ ರಿಂಗು ತೊಡಿಸಿ, ಕಪಾಟಿನ ಬೀಗದ ಕೈ ಕೋದು ಮೊಳೆಗೆ ನೇತುಹಾಕಿದಳು. ಇನ್ನೊಬ್ಬರ ಹೆಸರಿದ್ದ ಫ್ಯಾನಿನ ಗಾಳಿಗೆ ಅದು ನಿಧಾನವಾಗಿ ತಿರುಗುತ್ತಿತ್ತು. ಒಮ್ಮೆ ದೇಜಪ್ಪ ಮತ್ತು ಕುಟುಂಬ, ಒಮ್ಮೆ ಬರಿಯ ಹಸಿರು.