ತಾರಸಿಯ ಬಿಸಿಲು

ಟಪ್. ಸ್ವಲ್ಪ ಹೊತ್ತಿಗೆ ಮತ್ತೆ ಟಪ್.

ಹಗ್ಗದ ಮೇಲಿನ ಒದ್ದೆ ಬೆಡ್‌ಶೀಟಿನಿಂದ ನೀರು ನನ್ನ ಹೊದಿಕೆಯ ಮೇಲೆ ತೊಟ್ಟಿಕ್ಕುತ್ತಿತ್ತು. ನಮ್ಮದು ಒಂದೇ ಕೋಣೆ. ಗೋಡೆಯಿಂದ ಗೋಡೆಗೆ ಹಗ್ಗಗಳು, ಅವುಗಳ ಕೆಳಗೆ ಅಣ್ಣ, ಅತ್ತಿಗೆ, ನಾನು. ಅತ್ತಿಗೆ ಕತ್ತಲಲ್ಲೇ ಎದ್ದು ಫ್ಯಾನು ಜೋರು ಮಾಡಿದಳು. ಇಸ್ತ್ರಿಪೆಟ್ಟಿಗೆ ಹಚ್ಚಿದಳು. ಅರೆ ಒಣಗಿದ ಬಟ್ಟೆಯಿಂದ ಹಬೆ ಎದ್ದು ಕೋಣೆ ತುಂಬಿತು.

ಅತ್ತಿಗೆ ಒಂದು ಲಾಡ್ಜಿನ ಬಟ್ಟೆ ಒಗೆಯುತ್ತಾಳೆ. ಮೊದಲೆಲ್ಲ ತಾರಸಿಯಲ್ಲಿ ಒಣಹಾಕುತ್ತಿದ್ದಳು. ವಠಾರದ ಮಾಲೀಕ ಅಲ್ಲಿ ಸೋಲಾರ್ ಹಲಗೆಗಳನ್ನು ಹಾಕಿಸಿ ಬಾಗಿಲಿಗೆ ಬೀಗ ಜಡಿದ. ಇನ್ನು ಮೇಲೆ ಕರೆಂಟು ನಾನೇ ಕೊಡುತ್ತೇನೆ, ವಿದ್ಯುತ್ ಬೋರ್ಡಿನ ದರಕ್ಕಿಂತ ಅಗ್ಗ ಎಂದು ಅಂಗಳದಲ್ಲಿ ನಿಂತು ಹೇಳಿದ. ಅಣ್ಣ ಹಿರಿಹಿರಿ ಹಿಗ್ಗಿದ.

ದರವೇನೋ ಇಳಿಯಿತು. ಬಿಲ್ಲು ಎರಡರಷ್ಟಾಯಿತು. ನಾನು ಹೆದರುತ್ತಲೇ ಹೋಗಿ ಕೇಳಿದೆ.

"ಯೂನಿಟ್ಟಿಗೆ ಬೋರ್ಡಿನವರಿಗಿಂತ ಕಡಿಮೆ ತಗೋತಿದೀನೋ ಇಲ್ವೋ?" ಎಂದ ಮಾಲೀಕ.

"ಕಡಿಮೆನೇ ಯಜಮಾನ್ರೇ. ಆದ್ರೆ ಮೊದಲು ಬಿಸಿಲಲ್ಲಿ ಪುಕ್ಕಟೆ ಒಣಗ್ತಿತ್ತು. ಈಗ ಅದೇ ಬಿಸಿಲನ್ನ ನಿಮ್ಮ ಹತ್ರ ಕೊಂಡು ಒಣಗಿಸ್ಕೋತಿದೀವಿ."

ಅವನು ನಕ್ಕ. "ಕಾಲೇಜಿಗೆ ಹೋದ್ರೆ ಮಾತು ಚೆನ್ನಾಗಿ ಬರುತ್ತೆ. ಬಿಸಿಲು ಬೀಳೋ ತಾರಸಿ ಯಾರದಮ್ಮ?"

ಇನ್ನೊಂದು ಮಾತಾಡಿದರೆ ಕೋಣೆ ಖಾಲಿ ಮಾಡಿ ಅನ್ನುತ್ತಾನೆಂದು ವಾಪಸು ಬಂದೆ.

ಆ ವಾರ ಲಾಡ್ಜಿನವರು ಒಂದು ಗಂಟು ಬಟ್ಟೆಯನ್ನು ವಾಪಸು ಕಳಿಸಿದರು. ಮುಗ್ಗಲು ವಾಸನೆಯಂತೆ. ಇನ್ನೊಮ್ಮೆ ಹೀಗಾದರೆ ಕೆಲಸ ಬೇರೆಯವರಿಗೆ ಎಂದರು. ಅಣ್ಣನ ಕೂಲಿ ಬಾಡಿಗೆಗೆ ಸರಿಹೋಗುತ್ತದೆ. ನಾವು ಉಣ್ಣುವುದು ಅತ್ತಿಗೆಯ ದುಡಿಮೆಯಲ್ಲಿ.

ಹಲಗೆಗಳ ಮೇಲೆ ಧೂಳು ಕೂತರೆ ಕರೆಂಟು ಕಡಿಮೆ ಬರುತ್ತದೆ. ಅದಕ್ಕೇ ಮಾಲೀಕ ವಾರಕ್ಕೊಮ್ಮೆ ಬೀಗದ ಕೈ ಕೊಟ್ಟು ಅತ್ತಿಗೆಯಿಂದಲೇ ಅವನ್ನು ತೊಳೆಸುತ್ತಿದ್ದ. ಕೂಲಿಯಿಲ್ಲ. ಹೇಗೂ ಒಗೆಯುವ ಕೈಯಲ್ಲವೇ ಎನ್ನುತ್ತಿದ್ದ. ಈ ಸಲ ಮೇಲೆ ಹೋದವಳು ಎಷ್ಟು ಹೊತ್ತಾದರೂ ಇಳಿಯಲಿಲ್ಲ. ನಾನೇ ಹತ್ತಿ ಹೋದೆ.

ಒಂದು ಹಲಗೆಯೂ ಕಾಣುತ್ತಿರಲಿಲ್ಲ. ಎಲ್ಲದರ ಮೇಲೂ ಬಿಳಿ ಬೆಡ್‌ಶೀಟು.

"ಅತ್ತಿಗೆ, ಅವನಿಗೆ ಗೊತ್ತಾದ್ರೆ ಕೋಣೆ ಹೋಗುತ್ತೆ."

"ಕೆಲಸ ಹೋದ್ರೆ ಕೋಣೆಯಲ್ಲಿ ಕೂತು ಏನು ತಿನ್ನೋದು?" ಅವಳು ಒಂದು ಅಂಚನ್ನು ಮುಟ್ಟಿ ನೋಡಿದಳು. "ಹಲಗೆಗಳನ್ನ ಬಿಸಿಲಿಗೆ ಸರಿಯಾಗಿ ಮುಖ ಮಾಡಿ ಇಟ್ಟಿದಾನೆ ಕಣೆ. ಹಗ್ಗಕ್ಕಿಂತ ಬೇಗ ಒಣಗ್ತಿದೆ."

ಎಷ್ಟೋ ದಿನಗಳ ಮೇಲೆ ಅವಳ ನಗು ಕಂಡೆ. ಒಣಗಿದ್ದನ್ನು ಮಡಿಸತೊಡಗಿದೆ.

ಸಂಜೆ ಮಾಲೀಕ ಹಲಗೆಗಳ ಲೆಕ್ಕ ತೋರಿಸುವ ಮೊಬೈಲು ಹಿಡಿದು ಬಂದ. ಇವತ್ತು ಮಧ್ಯಾಹ್ನವೆಲ್ಲ ಕರೆಂಟೇ ಹುಟ್ಟಿಲ್ಲ, ಬೋರ್ಡಿಗೆ ಮಾರಲು ಏನೂ ಉಳಿದಿಲ್ಲ, ತೊಳೆಯಲು ಬಾಗಿಲು ತೆರೆದಾಗ ತಾರಸಿಯಲ್ಲಿ ಯಾರು ಏನು ಮಾಡಿದಿರಿ ಎಂದು ಎಲ್ಲರನ್ನೂ ಅಂಗಳಕ್ಕೆ ಕರೆದ. ಅತ್ತಿಗೆ ಒಣ ಬಟ್ಟೆಯ ಗಂಟು ಹೊತ್ತು ಅವರೆಲ್ಲರ ಕಣ್ಣೆದುರೇ ಮೇಲಿನಿಂದ ಇಳಿದು ಆಗಲೇ ಲಾಡ್ಜಿಗೆ ಹೋಗಿದ್ದಳು.

"ಮೋಡ ಮುಚ್ಚಿತ್ತಲ್ಲ ಯಜಮಾನ್ರೇ," ಎಂದಳು ಪಕ್ಕದ ಕೋಣೆಯ ಟೈಲರ್ ಅಕ್ಕ.

ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿರಲಿಲ್ಲ. ಆದರೂ ಹೌದು, ಭಾರಿ ಮೋಡ ಎಂದರು ಒಬ್ಬರಾದ ಮೇಲೊಬ್ಬರು. ಮಾಲೀಕ ನನ್ನ ಕಡೆ ತಿರುಗಿದ.

"ನೀನು ಓದಿದವಳು. ನಿಜ ಹೇಳು."

"ಮೋಡವೇ ಯಜಮಾನ್ರೇ," ಎಂದೆ.

"ಸರಿ. ಮೋಡದ ನಷ್ಟಾನೂ ನೀವೇ ಕಟ್ಟಿ. ಈ ತಿಂಗಳು ಎಲ್ಲರ ಬಿಲ್ಲಿಗೂ ಸೇರಿಸ್ತೀನಿ."

ಅವನು ಹೋದ ಮೇಲೂ ಯಾರೂ ನಮ್ಮ ಬಾಗಿಲ ಕಡೆ ನೋಡಲಿಲ್ಲ. ಟೈಲರ್ ಅಕ್ಕ ಹೊಲಿಗೆಗೆ ಕೂತಳು.

ಕತ್ತಲಾದ ಮೇಲೆ ಅಣ್ಣ ಬಂದ. ಬಿಲ್ಲು ಮತ್ತೆ ಏರುವ ಸುದ್ದಿ ಅವನಿಗೆ ಬೀದಿಯಲ್ಲೇ ಸಿಕ್ಕಿತ್ತು. ಇವತ್ತು ಏನಾಯ್ತೇ ಎಂದು ಕೇಳಿದ. ಅವನು ಮಾಲೀಕನಿಗೆ ಹೆದರುವವನು, ನನ್ನ ಹಾಗೆಯೇ. ತಟ್ಟೆ ಹಾಕಿ ಬಡಿಸಿದೆ. ಅವನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ಗಟ್ಟಿ ಮಾಡಿಕೊಂಡಿದ್ದೆ.