ಬಿದ್ದದ್ದು ಕುಂಬಾರಗೇರಿ

ಕುಂಬಾರಗೇರಿಯ ಶಾಖಾ ಗ್ರಂಥಾಲಯದ ಗೋಡೆಯಲ್ಲಿ ಒಂದು ಬಿರುಕಿತ್ತು. ಸೂರಿನಿಂದ ಇಳಿದು, ಓದುವ ಮೇಜಿನ ಹಿಂದೆ ಮರದ ಬೇರಿನಂತೆ ಕವಲೊಡೆದಿತ್ತು. ಶಾಖೆ ನೋಡಿಕೊಳ್ಳುವವರು ಅದರ ಮೇಲೆ ಹಳೆಯ ಪತ್ರಿಕೆಯ ಪಟ್ಟಿ ಅಂಟಿಸಿದ್ದರು. ಪಟ್ಟಿ ಹರಿದರೆ ಗೋಡೆ ಇನ್ನಷ್ಟು ಬಾಯಿಬಿಟ್ಟಿದೆ ಎಂದರ್ಥ. ನಮ್ಮವ್ವ ದಿನಾ ಮಧ್ಯಾಹ್ನ ಅದರ ಕೆಳಗೇ ಕೂತು ಕಾದಂಬರಿ ಓದುತ್ತಿದ್ದಳು. ಬೇಡವೆಂದರೆ, ಆ ಬಿರುಕಿನಿಂದ ಗಾಳಿ ಚೆನ್ನಾಗಿ ಬರುತ್ತದೆ ಎಂದು ನನ್ನನ್ನೇ ಅಣಕಿಸುವಳು.

ನಾನಾಗ ಕೇಂದ್ರ ಗ್ರಂಥಾಲಯದಲ್ಲಿದ್ದೆ. ಶಾಖೆಯವರನ್ನು ಹೆಸರು ಹಿಡಿದು ಕರೆಯುವ ವಾಡಿಕೆ ನಮ್ಮಲ್ಲಿರಲಿಲ್ಲ. ಕೇರಿಯ ಹೆಸರೇ ಅವರ ಹೆಸರು. ಕೋಟೆಬಾಗಿಲಿಗೆ ಜ್ವರ, ಗಾಣದಬೀದಿಗೆ ಗಂಡು ಮಗು, ಹೀಗೇ ಮಾತು ನಡೆಯುತ್ತಿತ್ತು.

ಒಂದು ಮಧ್ಯಾಹ್ನ ಜವಾನ ಜವರಯ್ಯ ಫೋನಿಟ್ಟು ಬಂದು, "ಕುಂಬಾರಗೇರಿ ಬಿದ್ದೋಯ್ತಂತೆ," ಎಂದ.

ಎಲ್ಲರೂ ನಕ್ಕರು. ಕುಂಬಾರಗೇರಿಯವರದು ಭಾರೀ ಮೈ. ನೆಲಕ್ಕೇನೂ ಆಗಲಿಲ್ಲವಷ್ಟೇ ಎಂದು ಯಾರೋ ಕೇಳಿದರು. ನನ್ನ ಕಣ್ಣಿಗೆ ಮಾತ್ರ ಆ ಬಿರುಕು ಕಟ್ಟಿತು.

"ಬಿದ್ದಿದ್ದು ಮನುಷ್ಯರಾ ಜವರಯ್ಯ, ಕಟ್ಟಡವಾ?"

ಅವನ ಮುಖ ಬಿಳಿಚಿಕೊಂಡಿತು. "ಅದನ್ನ ಕೇಳ್ಲಿಲ್ವಲ್ಲ ತಾಯಿ."

ಫೋನು ಬಂದದ್ದು ಶಾಖೆಯ ಪಕ್ಕದ ಸೈಕಲ್ ಅಂಗಡಿಯಿಂದ. ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ. ನಾನು ಓಡಿದೆ. ಎದುರಾದವರ ಮುಖವನ್ನೆಲ್ಲ ನೋಡುತ್ತಾ, ಇವರಿಗೆ ಗೊತ್ತಿದೆಯೇನೋ, ನನಗೆ ಹೇಳಲಾರದೆ ಹೋಗುತ್ತಿದ್ದಾರೇನೋ ಎಂದುಕೊಳ್ಳುತ್ತಾ ಓಡಿದೆ.

ಕಟ್ಟಡ ನಿಂತೇ ಇತ್ತು. ಓದುಗರೆಲ್ಲ ಬೀದಿಯಲ್ಲಿದ್ದರು. ನಡುವೆ ಕುಂಬಾರಗೇರಿಯವರು ಕಾಲು ಚಾಚಿ ಕೂತಿದ್ದರು. ಅವ್ವ ಅವರ ಊದಿದ ಪಾದಕ್ಕೆ ತಣ್ಣೀರು ಹುಯ್ಯುತ್ತಿದ್ದಳು. ಪಟ್ಟಿ ಹರಿದದ್ದು ಕಂಡು ಹೊಸದು ಅಂಟಿಸಲು ಏಣಿ ಹತ್ತಿದವರು ಏಣಿಸಮೇತ ಗೋಡೆಗೆ ಬಡಿದುಕೊಂಡು ಬಿದ್ದಿದ್ದರಂತೆ. ಎಲ್ಲರೂ ಸೇರಿ ಹೊತ್ತು ತಂದಿದ್ದರು. ನಾನು ಅಲ್ಲೇ ಕುಸಿದು ಕೂತೆ.

"ನಿಂಗೇನಾಯ್ತೇ? ಬಿದ್ದಿರೋರು ಇವ್ರು," ಎಂದಳು ಅವ್ವ. ಚೀಲ ಒಳಗೇ ಉಳಿಯಿತೆಂದು ಬಾಗಿಲ ಕಡೆ ಹೊರಟಳು.

ಆ ಬಾಗಿಲ ಮೂಲಕ ನನಗೆ ಒಳಗಿನ ಗೋಡೆ ಕಾಣುತ್ತಿತ್ತು. ಬಿರುಕಿನ ಆಚೆಯ ಬೆಳಕು ಮೊದಲು ನೂಲಿನಷ್ಟಿದ್ದದ್ದು ಬೆರಳಿನಷ್ಟಾಯಿತು. ಸುಣ್ಣ ಹಿಟ್ಟಿನಂತೆ ಉದುರುತ್ತಿತ್ತು. ನಾನು ಎದ್ದು ಓಡುವ ಮೊದಲೇ ಕುಂಬಾರಗೇರಿಯವರು ಕೂತಲ್ಲಿಂದಲೇ ಮುಂದಕ್ಕೆ ಬಿದ್ದು ಅವ್ವನ ಸೆರಗು ಹಿಡಿದೆಳೆದರು.

"ಬಿಡಪ್ಪ, ಜನ ನೋಡ್ತಾರೆ," ಎಂದು ಅವ್ವ ತಿರುಗಿದಳು.

ಅಷ್ಟರಲ್ಲಿ ಗೋಡೆ ಬಿತ್ತು. ಹಿಂದೆಯೇ ಸೂರು.

ದೂಳಿನಲ್ಲಿ ಯಾರಿಗೆ ಯಾರೂ ಕಾಣಲಿಲ್ಲ. ಒಳಗೆ ಯಾರಾದರೂ ಉಳಿದಿದ್ದರೇ ಎಂದು ಕೇಳಲು ಎಲ್ಲರಿಗೂ ಭಯ. ಆಗ ಕುಂಬಾರಗೇರಿಯವರ ದನಿ ಕೇಳಿತು. ಒಬ್ಬೊಬ್ಬ ಓದುಗರನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ಇದ್ದೀನಿ ಸ್ವಾಮಿ, ಇದ್ದೀನಿ, ಎಂದು ದೂಳಿನೊಳಗಿಂದ ಒಂದೊಂದೇ ಉತ್ತರ ಬಂತು. ಕೊನೆಗೆ, "ಕೆಂಪಮ್ಮೋರೇ?" ಎಂದರು. ಅವ್ವನಿಂದ ಉತ್ತರವಿಲ್ಲ. ಇನ್ನೊಮ್ಮೆ ಕರೆದರು.

"ಸೆರಗು ನಿನ್ನ ಕೈಲೇ ಐತಲ್ಲಪ್ಪ," ಎಂಬ ಸಣ್ಣ ದನಿ ಪಕ್ಕದಿಂದಲೇ ಬಂತು.

ಅವರ ಹೆಸರು ಪುಟ್ಟಮಾದಪ್ಪ ಎಂದು ಆಮೇಲೆ ಕೇಳಿ ತಿಳಿದುಕೊಂಡೆ.

ಬೀದಿಗೆಲ್ಲ ಕೇಳುವಂತೆ ಮಾತಾಡುವ ಅವ್ವ ಆ ಸಂಜೆ ಮನೆಯವರೆಗೂ ಪಿಸುದನಿಯಲ್ಲೇ ಮಾತಾಡಿದಳು. ದಾರಿಯಲ್ಲಿ ಸಿಕ್ಕವರು ಏನಾಯಿತೆಂದು ಜೋರಾಗಿ ಕೇಳಿದರೆ, ಅಕ್ಕಪಕ್ಕದ ಗೋಡೆಗಳನ್ನೊಮ್ಮೆ ನೋಡಿ, ತುಟಿಯ ಮೇಲೆ ಬೆರಳಿಡುತ್ತಿದ್ದಳು.